ಅವ್ವಗ ತಲಿಯಾಗ ರಕ್ತ ಸೋರೈತಿ, ಕಾಯಿಲ್ ಹಾಕಿ 6 ದಿನ ಆತು, ಈಗ ಮತ್ತ ಮಂಕಾಗ್ಯಾಳ – ಇದನ್ನ ದಾಟಿ ಬಂದವರು ಯಾರರೆ ಅದೀರೇನ್ರಿ?

ಮಗ್ಗದಮನಿ ಹುಡುಗ (ಬನಹಟ್ಟಿ)

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವ್ಯಾಗ ಐಸಿಯು ಹೊರಗಿನ ಬೆಂಚ್ ಮ್ಯಾಲ ಕುಂತ್ ಟೈಪ್ ಮಾಡಾಕತ್ತೀನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನಮ್ಮವ್ವಗ 54 ವಯಸ್ಸು. ಮನ್ಯಾಗ ನಾಕ್ ಪವರ್‌ಲೂಮ್ ಅದಾವು, ಅಪ್ಪ ಮತ್ತ ನಾ ಮಗ್ಗ ನೋಡ್ಕೋತೀವಿ, ಅವ್ವ ನೂಲಿನ ಕಂಡಿಕಿ ಸುತ್ತತಾಳ. ಹೋದ ವಾರ ಸೋಮವಾರ ಮುಂಜಾನಿ ಕಂಡಿಕಿ ಸುತ್ಕೋತ ಕುಂತಾಕಿ ಒಮ್ಮಿಗ್ಲೆ "ಯಪ್ಪಾ ತಲಿ ಒಡೀತೋ" ಅಂತ ಚೀರಿದ್ಲು, ಎರಡೂ ಕೈಲೆ ಹಿಂದಲಿ ಹಿಡಕೊಂಡ್ಲು, ಎರಡ್ ಸಲ ವಾಂತಿ ಆತು. ಊರಾಗ ಒಂದ್ ದವಾಖಾನಿಗೆ ಒಯ್ದ್ವಿ, ಪಿತ್ತ ಆಗೈತಿ ಬಿಸಲಿಗೆ ತಲಿಶೂಲಿ ಎದ್ದೈತಿ ಅಂತ ಇಂಜೆಕ್ಷನ್ ಮಾಡಿ ಕಳಿಸಿದ್ರು, ನಾವೂ ಹೌದಂದ್ಕೊಂಡ್ ಬಂದ್ವಿ. ಸಂಜಿಕ ನೋಡಿದ್ರ ನಿದ್ದಿಗಣ್ಣಾಗ ಮಾತಾಡಿದಂಗ ಏನೇನೋ ಅನ್ನಾಕತ್ಲು, ಕುತ್ತಗಿ ಬಗ್ಗಸಾಕ ಬರವಲ್ದು. ಆಗ 108ಕ್ಕ ಫೋನ್ ಹಚ್ಚಿ, ಸ್ಕ್ಯಾನ್ ಮಾಡಿಸಿ, ಮೆದುಳಿನ ಸುತ್ತ ರಕ್ತ ಹರಡೈತಿ ಅಂತ ಗೊತ್ತಾದ ಮ್ಯಾಲ ಮಹಾಲಿಂಗಪುರ ಗೋಕಾಕ ಹಾಯ್ದು ರಾತ್ರೋರಾತ್ರಿ ಬೆಳಗಾವಿಗೆ ತಂದ್ವಿ. ಬಿಪಿ ಗುಳಿಗಿ ಎರಡ್ ತಿಂಗಳಿಂದ ಬಿಟ್ಟಿದ್ಲಂತ, ಅದು ಇಲ್ಲಿ ಬಂದ್ ಮ್ಯಾಲ ನಮಗ ಗೊತ್ತಾತು.

ಸಬ್‌ಅರಾಕ್ನಾಯ್ಡ್ ಹೆಮರೇಜ್ ಅಂತ, ಗ್ರೇಡ್ 3 ಅಂತ ಬರದಾರ. ಮುಂದಿನ ಕಡೆ ಒಂದ್ ರಕ್ತನಾಳದಾಗ 6 ಮಿ.ಮೀ. ಗುಳ್ಳಿ ಒಡದಿತ್ತಂತ, ಬುಧವಾರ ತೊಡಿ ಸಂದಿಯಿಂದ ವೈರ್ ಹಾಕಿ ಆ ಗುಳ್ಳಿಯೊಳಗ ಕಾಯಿಲ್ ಅಂತ ಸಣ್ಣ ತಂತಿ ಸುರಳಿ ತುಂಬ್ಯಾರ. ತಲಿಗೆ ಒಂದ್ ತೂತ್ ಹಾಕಿ ನೀರ್ ತಗ್ಯಾಕ ನಳಿಗಿನೂ ಇಟ್ಟಾರ. ಕಾಯಿಲ್ ಆದ ಮರುದಿನ ಅವ್ವ ನನ್ನ ಹೆಸರ ಹಿಡದ್ ಕರದ್ಲು, "ಮಗ್ಗ ಬಂದ್ ಮಾಡಿ ಬಂದೀರೇನು" ಅಂತ ಕೇಳಿದ್ಲು, ನಾವೆಲ್ಲಾ ಗೆದ್ವಿ ಅಂದ್ಕೊಂಡ್ವಿ. ನಿನ್ನಿಯಿಂದ ಮತ್ತ ಕಣ್ಣ ತಗೀವಲ್ಲಳು, ಬಲಗೈ ಎತ್ತವಲ್ಲಳು.

ನನಗ ತಿಳಿವಲ್ದಾಗಿರೋದು ಏನಂದ್ರ, ಬಿಪಿ ಏರಿದ್ದಕ್ಕ ಒಡೀತು ಅಂತ ಇವರ ಹೇಳಿದ್ರು, ಈಗ ಇವರ ಬಿಪಿ ಏರಸಾಕ ಸಲಾಯಿನ್‌ನಾಗ ಔಷಧ ಬಿಟ್ಟಾರ. ಕೇಳಿದ್ರ ಸ್ಪಾಸಮ್ ಅಂತಾರ, ಪಾಪ ಅವ್ರಿಗೂ ಟೈಮ್ ಇಲ್ಲ. ದೊಡ್ಡಪ್ಪನ ಮಗ ತಲಿ ತಗದು ಗುಳ್ಳಿ ಬುಡಕ್ಕ ಕ್ಲಿಪ್ ಹಾಕಸಬೇಕಿತ್ತು, ನೀವು ಅಗ್ಗದ ದಾರಿ ಹಿಡದ್ರಿ ಅಂತಾನ (ಅಗ್ಗ ಅಂತ, ಬಿಲ್ಲ ಅವಗ ತೋರಸಬೇಕು). ಊರಿಂದ ಬಂದವ್ರು, ಆಕಿ ಜೀವಾ ಯಾಕ ಹಿಂಗ ಹಿಂಡ್ತೀರಿ, ಮನಿಗ ಕರಕೊಂಡ್ ನಡೀರಿ ಅನ್ನಾಕತ್ತಾರ. ಅಪ್ಪ ಮಾತ ಬಿಟ್ಟಾನ, ಕಟ್ಟಿ ಮ್ಯಾಲ ಕುಂತಾಂವ ಕುಂತಾನ.

ಉಳೀತಾಳೇನ್ರಿ? ಉಳದ್ರ ಮೊದಲಿನಂಗ ಆಗ್ತಾಳೇನ್ರಿ? ಸುಳ್ಳ ಹೇಳಬ್ಯಾಡ್ರಿ, ಖರೇ ಹೇಳ್ರಿ.

ವಿಜಾಪುರ ಮಾಸ್ತರ

ತಮ್ಮಾ, ಮೊದ್ಲ ಏನರೆ ತಿಂದ್ ಬಾ. ಅಪ್ಪಗೂ ತಿನಸು. ಆಮ್ಯಾಲ ಓದು.

ನಮ್ಮನಿಯಾಕಿಗೆ 2021ರಾಗ ಇದ ಆಗಿತ್ತು, ಆಗ ಆಕಿಗೆ 47. ರೊಟ್ಟಿ ಬಡಿಯಾಕತ್ತಾಕಿ ಹಂಚಿನ ಮುಂದನ ಬಿದ್ಲು. ನಾವು ಸೊಲ್ಲಾಪುರಕ್ಕ ಒಯ್ದ್ವಿ, ನಮ್ಮಾಕಿಗೆ ತಲಿಬುರುಡಿ ತಗದು ಕ್ಲಿಪ್ ಹಾಕಿದ್ರು. ನೀ ಬರದದ್ದು ಓದಿ ನನಗ ಆ ಎಂಟನೇ ದಿನ ನೆನಪಾತು. ಆಪರೇಶನ್ ಸಕ್ಸೆಸ್ ಅಂತ ಪೇಢೆ ಹಂಚಿದ್ದೆ ನಾನು, ಖರೇನ ಹಂಚಿದ್ದೆ, ನರ್ಸ್‌ಗಳಿಗೆ, ವಾಚ್‌ಮನ್‌ಗೆ ಎಲ್ಲಾರಿಗೂ, ಮುಂದ ಎಂಟನೇ ದಿನ ಆಕಿ ಎಡಗಾಲ ಸತ್ತಂಗಾತು, ಮಾತ ಹೋತು, ಆವಾಗ ಪೇಢೆ ತಿಂದವ್ರ ಮುಖ ನೋಡಾಕ ನನಗ ನಾಚಿಕಿ ಆಗಾಕತ್ತಿತ್ತು. ಒಡದ ಗುಳ್ಳಿ ಮುಚ್ಚಿದ್ರ ಕೆಲಸ ಮುಗೀತು ಅಂತ ನಮಗ ಅನಸ್ತೈತಿ, ಆದ್ರ ಸೋರಿದ ರಕ್ತ ಒಳಗ ಇನ್ನೂ ಅಲ್ಲೇ ಕುಂತಿರತೈತಿ, ಅದರ ಕಾಟ ಎರಡ್ ವಾರ ನಡೀತೈತಿ. ನಮ್ಮಾಕಿ ಹದಿನೈದನೇ ದಿನಕ್ಕ ಕಣ್ಣ ತಗದ್ಲು. ಒಟ್ಟ 26 ದಿನ ದವಾಖಾನಿ.

ಮನಿಗ ಬಂದ್ ಮ್ಯಾಲ ಒಂದ್ ತಿಂಗಳ ಚಲೋ ಇದ್ಲು. ಆಮ್ಯಾಲ ಕಾಲ ನೆಲಕ್ಕ ಅಂಟಿದಂಗ ನಡ್ಯಾಕತ್ಲು, ಬಟ್ಟಿಯಾಗ ಉಚ್ಚಿ ಆಗಾಕತ್ತು, ಕರದ್ರ ಓ ಅನ್ನಾಕೂ ಅರ್ಧಾ ನಿಮಿಷ. ನಾನು ಅಶಕ್ತಿ ಅಂದ್ಕೊಂಡು ಹಣ್ಣು, ಬದಾಮ, ತುಪ್ಪ ತಿನಸ್ಕೋತ ಕುಂತೆ. ಮತ್ತ ಸ್ಕ್ಯಾನ್ ಮಾಡಿದ್ರ ತಲಿಯಾಗ ನೀರ್ ತುಂಬಿತ್ತು. ಶಂಟ್ ಅಂತ ತಲಿಯಿಂದ ಹೊಟ್ಟಿಗೆ ಚರ್ಮದ ಒಳಗ ಒಂದ್ ಸಣ್ಣ ನಳಿಗಿ ಹಾಕಿದ್ರು. ಮರುದಿನ ಮುಂಜಾನಿ ಎದ್ದಾಕಿನ "ಚಾ ಎಲ್ಲಿ" ಅಂದ್ಲು, ಆ ಎರಡ್ ಶಬ್ದಕ್ಕ ನಾ ಹೊರಗ ಬಂದ್ ಅತ್ತೆ. ಇದನ್ಯಾಕ ಹೇಳ್ತೀನಂದ್ರ, ಮನಿಗ ಹೋದ ಮ್ಯಾಲ ನಡಗಿ, ಉಚ್ಚಿ, ಬುದ್ಧಿ ಈ ಮೂರರಾಗ ಯಾವುದರೆ ಹಿಂದ ಬಿದ್ರ ಅಶಕ್ತಿ ಅನಬ್ಯಾಡ, ಲಗೂ ತೋರಸು.

ಮೊದಲಿನಂಗ ಆಗ್ತಾಳೇನು ಅಂತ ಕೇಳೀದಿ. ನಮ್ಮಾಕಿ ಈಗ ರೊಟ್ಟಿ ಬಡೀತಾಳ, ಪ್ಯಾಟಿಗೆ ಹೋಗ್ತಾಳ, ನನ್ನ ಬೈತಾಳ. ಆದ್ರ ಮೊದಲ್ನೇ ವರ್ಷ ಅದು ಬ್ಯಾರೇನ ಹೆಂಗಸು ಮನಿಗ ಬಂದಂಗ ಇತ್ತು. ಒಂದ್ ಬಕೀಟ್ ಅರಬಿ ಹಿಂಡಿದ್ರ ಮೂರ್ ತಾಸ ಮಲಗಬೇಕು. ಒಲಿ ಮ್ಯಾಲ ಹಾಲಿಟ್ಟು ಮರೀತಿದ್ಲು. ಸುಮ್‌ಸುಮ್ಕ ಅಳೂದು, ಸುಮ್‌ಸುಮ್ಕ ಸಿಟ್ಟು. ಹಿಟ್ಟಿಗೆ ಎಸರು ಮೊದ್ಲೋ ಉಪ್ಪು ಮೊದ್ಲೋ ಅಂತ ಕೈ ತಡದು ನಿಲ್ತಿದ್ಲು, ಮೂವತ್ತ ವರ್ಷ ರೊಟ್ಟಿ ಬಡದ ಕೈ ಅದು. ಮತ್ತ ಸಪ್ಪಳ! ಮುಂಬೈದಿಂದ ಬೀಗರು ಬಂದಿದ್ರು, ಗೋಳಗುಮ್ಮಟ ನೋಡೂಣು ಅಂದ್ರು, ಆಕಿನೂ ಹುರುಪಿಲೆ ಬಂದ್ಲು. ಅಲ್ಲಿ ಸಾಲಿ ಹುಡುಗರು ಕೂಗೂದು, ಗುಮ್ಮಟ ತಿರುಗಿ ಕೂಗೂದು, ಐದ್ ನಿಮಿಷದಾಗ ಎರಡೂ ಕಿವಿ ಮುಚ್ಚಿ ಮೆಟ್ಟಲ ಮ್ಯಾಲ ಕುಂತ್ ಬಿಟ್ಲು. ಅದಕ್ಕ ನಿನಗ ಈಗ್ಲೇ ಹೇಳ್ತೀನಿ, ನಾಕ್ ಮಗ್ಗ ಇರೋ ಮನಿಗೆ ಅವ್ವನ್ನ ಸೀದಾ ಒಯ್ಯಬ್ಯಾಡ. ಬ್ಯಾರೆ ಜಾಗಾ ನೋಡಿಟ್ಕೋ.

ನೈಟ್‌ಡ್ಯೂಟಿ ಸಿಸ್ಟರ್ (ಬೆಳಗಾವಿ)

ನಾನು ನ್ಯೂರೋ ಐಸಿಯುದಾಗ ಹನ್ನೊಂದ್ ವರ್ಷದಿಂದ ಸ್ಟಾಫ್ ನರ್ಸ್ ಅದೀನಿ. ನಿಮ್ಮ ತಾಯಿ ಕೇಸ್ ನಾ ನೋಡಿಲ್ಲ, ಅವರ ಡಾಕ್ಟರ್ ಹೇಳಿದ್ದ ಕಡೀ ಮಾತು. ಆದ್ರ ಬಿಪಿ ವಿಷಯ ಹೇಳ್ತೀನಿ, ಯಾಕಂದ್ರ ಹತ್ತ ಮನಿಯವರಾಗ ಎಂಟ ಮಂದಿ ಇದನ್ನ ಕೇಳಿ ನಮ್ಮ ಜೋಡಿ ಜಗಳಾ ತಗೀತಾರ.

ಸೋರಿದ ರಕ್ತ ಕರಗುವಾಗ ಅದರಾಗಿಂದು ಏನೇನೋ ಬಿಡತೈತಿ, ಅದು ನಾಳಗಳಿಗೆ ಹೊರಗಿನಿಂದ ತಗಲಿ ನಾಳ ಬಿಗೀತೈತಿ, ಸಣ್ಣ ಆಗತೈತಿ. ಅದ ಸ್ಪಾಸಮ್. 3-4ನೇ ದಿನಕ್ಕ ಚಾಲೂ ಆಗಿ 7ರಿಂದ 10ನೇ ದಿನದಾಗ ಜೋರ ಇರತೈತಿ, 14 ದಾಟಿದ್ರ ಇಳ್ಕೋತ ಹೋಗತೈತಿ. ನಿಮ್ಮದು 9ನೇ ದಿನ, ಅಂದ್ರ ನಟ್ಟ ನಡುವ ಅದೀರಿ. ನಿಮ್ಮ ಕಡೆ ಕಬ್ಬಿಗೆ ಪೈಪ್‌ಲೈನ್ ಇರತಾವಲ್ಲ, ಪೈಪ್ ಮ್ಯಾಲ ಯಾರರೆ ಕಾಲ ಇಟ್ಟ ತುಳದ್ರ ಕಡೀ ಸಾಲಿಗೆ ನೀರ ಮುಟ್ಟಂಗಿಲ್ಲ, ಮೋಟರ್ ಜೋರ ಮಾಡಿದ್ರ ಮುಟ್ಟತೈತಿ. ಬಿಪಿ ಏರಸೂದು ಅದಕ್ಕ. ಕಾಯಿಲ್ ಹಾಕೋಕಿಂತ ಮೊದ್ಲ ಬಿಪಿ ತಗ್ಗಿಸಿ ಇಡ್ತಾರ ಯಾಕಂದ್ರ ಒಡದ ಜಾಗಾ ಮತ್ತ ಒಡೀಬಹುದು, ಈಗ ಅದು ಮುಚ್ಚೈತಿ ಅಂತನ ಧೈರ್ಯಾ ಮಾಡಿ ಏರಸ್ತಾರ. ಅಂದ್ರ ಎರಡೂ ಮಾತು ಖರೇನ.

ನಾಕ್ ತಾಸಿಗೊಮ್ಮೆ ನಿಮೋಡಿಪಿನ್ ಅಂತ 60 ಮಿ.ಗ್ರಾಂ ಗುಳಿಗಿ ಕೊಡ್ತಿರಬೇಕು, ಅದು 21 ದಿನ. ನಡುರಾತ್ರಿ ಎಬ್ಬಸಿ ಯಾಕ ಕೊಡ್ತೀರಿ ಮಲಗ್ಲಿ ಬಿಡ್ರಿ ಅಂತ ಬೈಸ್ಕೊಂಡೀವಿ ನಾವು ಭಾಳ ಸಲ. ಕೆಲವರಿಗೆ ಅದರಿಂದ ಬಿಪಿ ಇಳದ್ರ 30ರಂಗ ಎರಡ್ ತಾಸಿಗೊಮ್ಮೆ ಮಾಡ್ತಾರ, ಡೋಸ್ ಬದಲಾದ್ರ ಗಾಬರಿ ಆಗಬ್ಯಾಡ್ರಿ. ತಾಸತಾಸಿಗೂ ಕೈ ಎತ್ರಿ, ಹೆಸರ ಹೇಳ್ರಿ, ಇದ್ಯಾವ ಊರು ಅಂತ ಕೇಳೂದೂ ಪೀಡಿಸಾಕ ಅಲ್ಲ, ಸ್ಪಾಸಮ್ ಮೊದ್ಲ ಸಿಗೂದು ಅದರಾಗ. ಸೋಡಿಯಂ ಇಳದ್ರೂ ಮಂಕ ಹಿಡೀತೈತಿ, ಈ ರೋಗದಾಗ ಅದು ಇಳಿಯೂದು ಮಾಮೂಲಿ, ಹೊರಗಿನಿಂದ ಎಳನೀರು, ನೀರು ಕದ್ದ ಕುಡಸಾಕ ಹೋಗಬ್ಯಾಡ್ರಿ. ನುಂಗಾಕ ಬರದವ್ರಿಗೆ ಕುಡಸಿದ್ರ ಸೀದಾ ಶ್ವಾಸಕೋಶಕ್ಕ ಇಳೀತೈತಿ.

ಇನ್ನೊಂದ್ ಮುಖ್ಯದ್ದು. ತಲಿಗಿಟ್ಟ ನಳಿಗಿ ಕಿವಿಮಟ್ಟಕ್ಕ ಅಳತಿ ಮಾಡಿ ನಿಲ್ಲಿಸಿರತಾರ. ಅವ್ವಗ ಚಲೋ ಆಗ್ಲಿ ಅಂತ ನೀವು ಮಂಚದ ತಲಿ ಎತ್ತಿದ್ರಿ ಅಂದ್ರ ನೀರ್ ಬೇಕಾದ್ದಕ್ಕಿಂತ ಜಾಸ್ತಿ ಸುರೀತೈತಿ. ನರ್ಸ್‌ಗೆ ಹೇಳದ ಮಂಚಾ ಮುಟ್ಟಬ್ಯಾಡ್ರಿ.

ಕ್ಲಿಪ್ಪೋ ಕಾಯಿಲ್ಲೋ ಅಂತ ನಿಮ್ಮ ಅಣ್ಣಗ ಹೇಳ್ರಿ: ಐಸ್ಯಾಟ್ ಅಂತ 2143 ಮಂದಿ ಮ್ಯಾಲ ಮಾಡಿದ ಅಧ್ಯಯನ 2002ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂತು, ಎರಡೂ ಮಾಡಾಕ ಬರ್ತಾವ ಅನ್ನೋ ಪೇಶಂಟ್‌ಗಳನ್ನ ತಗೊಂಡ್ ನೋಡಿದ್ರು. ವರ್ಷದ ಮ್ಯಾಲ ತೀರಿಕೊಂಡವರು ಇಲ್ಲಾ ಇನ್ನೊಬ್ರ ಮ್ಯಾಲ ಅವಲಂಬಿಸಿದವರು ಕಾಯಿಲ್‌ನಾಗ ನೂರಕ್ಕ 23.7, ಕ್ಲಿಪ್‌ನಾಗ 30.6. ಗುಳ್ಳಿಯ ಜಾಗಾ, ಆಕಾರ ನೋಡಿ ಕೆಲವರಿಗೆ ಕ್ಲಿಪ್ಪ ಚಲೋ, ಮಾಸ್ತರ ಮನಿಯವರಿಗೆ ಆದಂಗ. ಅಗ್ಗದ ದಾರಿ ಅಂತೂ ಅಲ್ಲ.

ಖರೇ ಹೇಳ್ರಿ ಅಂದೀರಿ, ಹೇಳ್ತೀನಿ. ಈ ರಕ್ತಸ್ರಾವ ಆದವರಾಗ ಸುಮಾರು ಮೂರರಾಗ ಒಬ್ರು ಉಳಿಯಂಗಿಲ್ಲ, ಅದರಾಗ ದವಾಖಾನಿ ಮುಟ್ಟೂದ್ರಾಗ ಹೋಗೋರು, ಮೊದಲ್ನೇ ದಿನ ಎರಡನೇ ಸಲ ಒಡದು ಹೋಗೋರು ಸೇರ್ಯಾರ. ನಿಮ್ಮ ತಾಯಿ ಆ ಎರಡೂ ದಾಟ್ಯಾರ. ಕೈ ಬಿದ್ದದ್ದು ತಿರುಗಿ ಬರ್ತೈತೋ ಇಲ್ಲೋ ಅನ್ನೂದು ಆ ಜಾಗಾಕ್ಕ ರಕ್ತ ಎಷ್ಟ ಹೊತ್ತ ಕಡಿಮಿ ಆಗಿತ್ತು ಅನ್ನೂದ್ರ ಮ್ಯಾಲ ಐತಿ. ನಾಳಿ ರೌಂಡ್ಸ್‌ನಾಗ ಒಂದ ಪ್ರಶ್ನಿ ಕೇಳ್ರಿ: "ಹೊಸಾ ಸ್ಕ್ಯಾನ್‌ನಾಗ ಇನ್‌ಫಾರ್ಕ್ಟ್ ಕಾಣತೈತೇನ್ರಿ?" (ಅಂದ್ರ ರಕ್ತ ಸಿಗದ ಕೆಟ್ಟ ಜಾಗಾ.) ಇಷ್ಟ ಕೇಳಿದ್ರ ಸಾಕು, ಡಾಕ್ಟರ್ ನಿಂತ್ ಮಾತಾಡ್ತಾರ. ಈಗ ಮನಿಗ ಒಯ್ಯೂ ಮಾತ ಮಾತ್ರ ಬ್ಯಾಡ, ಈ ಐದ್ ದಿನಕ್ಕನ ಐಸಿಯು ಬೇಕಿರೂದು.

ಜೈ ಹನುಮಾನ

ಸದ್ಗುರುಗೂ 2024ರಾಗ ಇದ ಆಗಿತ್ತಲ್ರಿ, ದಿಲ್ಲ್ಯಾಗ ಆಪರೇಶನ್ ಮಾಡಿಸ್ಕೊಂಡು ಹತ್ತ ದಿನದಾಗ ನಗ್ತಾ ಮನಿಗ ಬಂದ್ರು. ಮನಸ್ಸ ಗಟ್ಟಿ ಇರಬೇಕಷ್ಟ. ನಮ್ಮ ಕಡೆ ಒಬ್ರು ಮೂಗಿಗೆ ಹನಿ ಔಷಧ ಹಾಕ್ತಾರ, ಲಕ್ವಾ ಹೊಡದವ್ರು ಎದ್ದ ಓಡ್ಯಾರ, ನಂಬರ್ ಬೇಕಾದ್ರ ಹೇಳ್ರಿ.

ನೈಟ್‌ಡ್ಯೂಟಿ ಸಿಸ್ಟರ್ (ಬೆಳಗಾವಿ)

ಅಣ್ಣಾರ, ಅದು ಬ್ಯಾರೆ ಇದು ಬ್ಯಾರೆ. ಅವರಿಗೆ ಆಗಿದ್ದು ಸಬ್‌ಡ್ಯೂರಲ್, ಅಂದ್ರ ಮೆದುಳಿನ ಹೊರಗಿನ ದಪ್ಪ ಪದರದ ಕೆಳಗ ರಕ್ತ ಕೂಡಿತ್ತು, ಹೊರಗ ತಗದ್ರು. ಮಾರ್ಚ್ 17ಕ್ಕ ಆಪರೇಶನ್, 27ಕ್ಕ ಡಿಸ್ಚಾರ್ಜ್. ಇದು ಇನ್ನೂ ಒಳಗಿಂದು, ಮೆದುಳಿಗೆ ಅಂಟಿದ ಜಾಗಾದಾಗ ಆಗೂದು, ಬಹಳಷ್ಟು ಸಲ ರಕ್ತನಾಳದ ಗುಳ್ಳಿ ಒಡದು ಆಗೂದು, ಈ ರಕ್ತ ಸುರದು ತಗ್ಯಾಕ ಬರಂಗಿಲ್ಲ. ಮನಸ್ಸ ಗಟ್ಟಿ ಇದ್ರ ನಾಳ ಬಿಗಿಯೂದು ನಿಲ್ಲಂಗಿಲ್ಲ. ಮತ್ತ ಮೂಗಿಗೆ ಹನಿ ಅಂತ ಈ ತಾಯಿ ಹಂತ್ಯಾಕ ಯಾರೂ ಹೋಗಬ್ಯಾಡ್ರಿ, ಕೈ ಮುಗೀತೀನಿ.

ಘಟಪ್ರಭಾ_27

ನಾ ಬರೀಬೇಕೋ ಬ್ಯಾಡೋ ಅಂತ ಎರಡ್ ದಿನ ಯೋಚನಿ ಮಾಡಿದೆ, ಯಾಕಂದ್ರ ನಮ್ಮಪ್ಪ ಉಳೀಲಿಲ್ಲ. ಅವರಿಗೂ ಹಿಂಗ ಸಿಡಿಲ ಹೊಡದಂಗ ತಲಿಶೂಲಿ ಬಂತು, ಗುಳಿಗಿ ನುಂಗಿ ಮಲಗಿದ್ರು, ಸಂಜಿಕ ಆರಾಮಾತು ಅಂತ ಚಾ ಕುಡದು ಕಟ್ಟಿ ಮ್ಯಾಲ ಕುಂತ್ ಮಂದಿ ಜೋಡಿ ಮಾತಾಡಿದ್ರು ಕೂಡ, ರಾತ್ರಿ ಎರಡನೇ ಸಲ ಒಡೀತು. ದವಾಖಾನಿ ಮುಟ್ಟೂದ್ರಾಗ ಉಸರ ನಿಂತಿತ್ತು. ಮೊದಲ್ನೇ ತಲಿಶೂಲಿಗೇ ಸ್ಕ್ಯಾನ್ ಮಾಡಸಿದ್ರ ಅಂತ ಇವತ್ತಿಗೂ ನಿದ್ದಿ ಬರಂಗಿಲ್ಲ, ಆದ್ರ ಯಾರಿಗ್ರಿ ಗೊತ್ತಿರತೈತಿ, ತಲಿಶೂಲಿ ಅಂದ್ರ ಅಮೃತಾಂಜನ ಅಷ್ಟ ನಮಗ ಗೊತ್ತು. ಇದರ ತಲಿಶೂಲಿ ಏರಕೋತ ಬರಂಗಿಲ್ಲ, ಒಂದ್ ಕ್ಷಣದಾಗ ತುತ್ತತುದಿಗೆ ಇರತೈತಿ, ಅದ ಗುರುತು ಅಂತ ಆಮ್ಯಾಲ ಡಾಕ್ಟರ್ ಹೇಳಿದ್ರು.

ಸೋದರತ್ತಿಗೂ ಹಿಂದ ಇದ ಆಗಿತ್ತಂತ, ಅಂದ್ರ ಅಪ್ಪನ ಅಕ್ಕಗ. ಒಂದ ಮನ್ಯಾಗ ಹಿಂಗ ಇಬ್ರಿಗೆ ಆಗಿದ್ರ ಉಳದ ಅಣ್ಣ ತಮ್ಮ ಮಕ್ಕಳು ಒಮ್ಮೆ ನಾಳದ ಸ್ಕ್ಯಾನ್ ಮಾಡಸೂದು ಚಲೋ ಅಂದ್ರು, ನಾ ಮಾಡಸೀನಿ, ಏನೂ ಇಲ್ಲ. ಬೀಡಿ ಬಿಟ್ಟೆ. ನಿಮ್ಮವ್ವ ಒಂಬತ್ತನೇ ದಿನಕ್ಕ ಬಂದಾಳ ಅಂತ ಓದಿ ನನಗ ಆಸೆ ಹುಟ್ಟೈತಿ, ಅಷ್ಟ.

ಇಳಕಲ್ ಸೀರಿ

ನಾನು ಉಳದು ಬಂದಾಕಿ. 38 ವರ್ಷ, ಬ್ಯಾಂಕಿನ್ಯಾಗ ಕ್ಲರ್ಕ್. ಮಾಸ್ತರ್ರು ಹೊರಗಿನಿಂದ ಕಂಡಿದ್ದು ಬರದಾರ, ನಾ ಒಳಗಿಂದು ಬರೀತೀನಿ, ಯಾಕಂದ್ರ ಇದನ್ನ ನನ್ನ ಗಂಡಗ ತಿಳಿಸಿ ಹೇಳಾಕ ನನಗ ಒಂದ್ ವರ್ಷ ಹಿಡೀತು.

ಐಸಿಯುದು ನನಗ ಏನೂ ನೆನಪಿಲ್ಲ. ಹತ್ತ ಹನ್ನೆರಡ್ ದಿನ ಯಾರೋ ಕತ್ತರಿಲೆ ಕಟ್ ಮಾಡಿ ತಗದಂಗ. ಮನಿಯವರು ಅಲ್ಲಿ ನಾ ಏನೇನ್ ಮಾತಾಡಿದೆ ಅಂತ ಹೇಳ್ತಾರ, ಕೇಳಾಕ ನನಗ ಬ್ಯಾರೆಯವರ ಕಥಿ ಕೇಳಿದಂಗ. ಎಮಿಲಿಯಾ ಕ್ಲಾರ್ಕ್ ಅಂತ ಇಂಗ್ಲೆಂಡಿನ ನಟಿ ಅದಾಳಲ್ರಿ, ಆಕಿಗೆ 2011ರಾಗ 24ನೇ ವಯಸ್ಸಿಗೆ ಇದ ಆಗಿತ್ತು, ಒಂದಿಷ್ಟ ದಿನ ತನ್ನ ಹೆಸರ ತನಗ ಹೇಳಾಕ ಬರ್ತಿರಲಿಲ್ಲ ಅಂತ ಆಕಿನ 2019ರಾಗ ಬರದಾಳ. ಆಮ್ಯಾಲ ಇನ್ನೊಂದ್ ಗುಳ್ಳಿಗೂ ಆಪರೇಶನ್ ಆಗಿ, ಇಷ್ಟೆಲ್ಲಾ ಆದ ಮ್ಯಾಲೂ ವರ್ಷಗಟ್ಲೆ ಕ್ಯಾಮೆರಾ ಮುಂದ ನಿಂತ್ಲು. ಅದನ್ನ ಓದಿದ ದಿನ ನಾ ಗಂಡಗ ತೋರಿಸಿ ನೋಡ್ರಿ ನಾ ಹುಚ್ಚಿ ಅಲ್ಲ ಅಂದೆ.

ದಣಿವು. ಇದಕ್ಕ ಬ್ಯಾರೆ ಪದಾ ಬೇಕಾಗೈತಿ. ಹೊಲದಾಗ ದುಡದ ದಣಿವು ಅಲ್ಲ ಇದು, ಮೊಬೈಲ್ ಬ್ಯಾಟರಿ 40 ತೋರಿಸ್ಕೋತ ಇದ್ದದ್ದು ಒಮ್ಮೆಲೆ ಸ್ವಿಚ್ ಆಫ್ ಆಗೂದಿಲ್ಲೇನು, ಹಂಗ. ಮಾತಾಡ್ತಾ ಮಾತಾಡ್ತಾನ ಆಫ್. ಮದಿವಿಗೆ ಹೋದ್ರ ಬ್ಯಾಂಡು, ಲೈಟು, ನಾಕ್ ಮಂದಿ ಒಮ್ಮೆ ಮಾತಾಡೂದು, ಬಂದ್ ಎರಡ್ ದಿನ ಹಾಸಿಗಿ. ವಾಸನಿ ಅರ್ಧಾ ಹೋತು, ಒಗ್ಗರಣಿ ಹತ್ತಿದ್ದ ಗೊತ್ತಾಗಂಗಿಲ್ಲ. ಸಾದಾ ತಲಿಶೂಲಿ ಬಂದ್ರೂ ಮತ್ತ ಒಡೀತೇನೋ ಅಂತ ನಾಡಿ ಹಿಡದ್ ಕುಂಡ್ರೂದು, ರಾತ್ರಿ ಎದ್ದ ಗಂಡನ್ನ ಎಬ್ಬಸೂದು.

ಕಾಲ ಮುರದ್ರ ಪ್ಲಾಸ್ಟರ್ ಕಾಣತೈತಿ, ಯಾರೂ ಎದ್ದ ನೀರ ತಾ ಅನ್ನಂಗಿಲ್ಲ. ನನಗ ಕೂದಲಾ ತಿರುಗಿ ಬಂದು, ಸೀರಿ ಉಟ್ಟು, ಕುಂಕುಮ ಹಚ್ಚಿದ ಮ್ಯಾಲ ಎಲ್ಲಾರೂ "ನೋಡಾಕ ಬೇಷ್ ಅದಿಯಲ್ಲ" ಅನ್ನಾಕತ್ರು. ನಮ್ಮತ್ತಿ ಕೆಟ್ಟವರಲ್ಲ, ಆದ್ರ ಮಧ್ಯಾಹ್ನ ಮಲಗಿದ್ರ ಒಳಗ ಪಾತ್ರಿ ಜೋರ ಇಡ್ತಿದ್ರು. ಕಡೀಕ ನ್ಯೂರೋ ಡಾಕ್ಟರ್ ಹಂತ್ಯಾಕ ಅತ್ತಿನ್ನೂ ಕರಕೊಂಡ್ ಹೋದೆ, ಅವರು "ಅಮ್ಮಾ, ಒಳಗಿನ ಗಾಯ ಒಣಗಾಕತ್ತೈತಿ, ಮಲಗೂದ ಅದರ ಔಷಧ" ಅಂದ್ರು, ಅವತ್ತಿಂದ ಮನ್ಯಾಗ ಮಧ್ಯಾಹ್ನ ಟಿವಿ ಬಂದ್.

ಕೆಲಸಕ್ಕ ಎಂಟ್ ತಿಂಗಳಿಗೆ ಹೋದೆ, ಮೊದಲ ಅರ್ಧಾ ದಿನ. ಕ್ಯಾಶ್ ಕೌಂಟರ್ ಬ್ಯಾಡ ಅಂತ ನಾನ ಕೇಳಿ ಬಿಡಿಸಿಕೊಂಡೆ, ನೋಟ್ ಎಣಿಸುವಾಗ ನಡುವ ಯಾರರೆ ಮಾತಾಡಿಸಿದ್ರ ಲೆಕ್ಕ ಪೂರಾ ಅಳಿಸಿ ಹೋಗ್ತಿತ್ತು. ಈಗ ಮೂರನೇ ವರ್ಷ, ಪೂರಾ ದಿನ ಮಾಡ್ತೀನಿ. ಕಿಸೆದಾಗ ಸಣ್ಣ ಡೈರಿ ಇರತೈತಿ, ಗ್ಯಾಸ್ ಬಂದ್ ಮಾಡಿದ್ನೋ ಇಲ್ಲೋ ಅಂತ ಅದರಾಗ ಟಿಕ್.

ತಮ್ಮಾ, ನಿಮ್ಮವ್ವಗ ಮುಂದಿನ ಕಡೆ ನಾಳದಾಗ ಅಂದಿಯಲ್ಲ, ಅಲ್ಲಿ ಒಡದ್ರ ನೆನಪು ಮತ್ತ ಸ್ವಭಾವದ ಮ್ಯಾಲ ಹೆಚ್ಚ ಪರಿಣಾಮ ಆಗತೈತಿ ಅಂತ ನನ್ನ ಡಾಕ್ಟರ್ ಹೇಳಿದ್ರು, ನಂದೂ ಅಲ್ಲೇ. ಹಂಗಾಗಿ ಕೈಕಾಲು ನೆಟ್ಟಗ ಆದ ಕೂಡ್ಲೆ ಎಲ್ಲಾ ಮುಗೀತು ಅಂತ ಆಕಿ ಕೈಯಾಗ ಕಂಡಿಕಿ ಕೊಡಬ್ಯಾಡ.

ಮಗ್ಗದಮನಿ ಹುಡುಗ (ಬನಹಟ್ಟಿ)

16ನೇ ದಿನ. ಎಲ್ಲಾರಿಗೂ ಕೈ ಮುಗೀತೀನ್ರಿ. ಸಿಸ್ಟರ್ ಹೇಳಿದ ಪ್ರಶ್ನಿ ಕೇಳಿದೆ, ಡಾಕ್ಟರ್ ಖರೇನ ನಿಂತ್ರು, ಫೋಟೋ ತೋರಿಸಿ ಹೇಳಿದ್ರು. ಎಡಕ್ಕ ಸಣ್ಣದೊಂದು ಜಾಗಾ ರಕ್ತ ಇಲ್ದ ಕೆಟ್ಟೈತಿ, ದೊಡ್ಡದಲ್ಲ ಅಂದ್ರು. ಬಿಪಿ ಔಷಧ ಇಳಸ್ಯಾರ. ಮೊನ್ನಿಯಿಂದ ಕಣ್ಣ ತಗೀತಾಳ, ಬಲಗೈ ಬೆರಳ ಆಡಸ್ತಾಳ. ತಲಿ ನಳಿಗಿ ಎರಡ್ ದಿನ ಬಂದ್ ಮಾಡಿ ನೋಡಿ ನಿನ್ನಿ ತಗದ್ರು, ಸದ್ಯಕ್ಕ ಶಂಟ್ ಬೇಕಾಗಿಲ್ಲ ಅಂದಾರ. ದೊಡ್ಡಪ್ಪನ ಮಗಗ ಸಿಸ್ಟರ್ ಬರದಿದ್ದು ಓದಿ ಹೇಳಿದೆ, ಹೂಂ ಅಂದ, ಅಷ್ಟ.

ಎರಡ್ ಮಾತ ಕೇಳೂದೈತಿ. ಒಂದು, ರೊಕ್ಕ. ಕಾಯಿಲ್ ಒಂದೊಂದಕ್ಕ ಬ್ಯಾರೆ ಬ್ಯಾರೆ ಬಿಲ್ಲ ಹಚ್ಚತಾರ ಅಂತ ನಮಗ ಗೊತ್ತಿರಲಿಲ್ಲ, ಎರಡ್ ಮಗ್ಗ ಮಾರೂ ಮಾತ ನಡದೈತಿ. ಎರಡು, ಅವ್ವ ಎಡಗಣ್ಣ ಮುಂದ ಮಬ್ಬ ಐತಿ, ಜಾಡರಬಲಿ ಕಟ್ಟಿದಂಗ ಐತಿ ಅಂತಾಳ, ಒರಸ್ಕೋತ ಇರತಾಳ. ಬೇಹೋಶ್ ಆಗಿದ್ದಕ್ಕ ಹಂಗ ಅನಸ್ತೈತೇನ್ರಿ?

ನೈಟ್‌ಡ್ಯೂಟಿ ಸಿಸ್ಟರ್ (ಬೆಳಗಾವಿ)

ಕಣ್ಣಿಂದು ಇವತ್ತ ಡಾಕ್ಟರ್‌ಗೆ ಹೇಳ್ರಿ, ನಾಳಿ ಅಲ್ಲ. ತಲಿಯಾಗ ಒತ್ತಡ ಒಮ್ಮೆಲೆ ಏರಿದಾಗ ಕಣ್ಣಿನ ಒಳಗೂ ರಕ್ತ ಸೋರತೈತಿ ಕೆಲವರಿಗೆ, ಟೆರ್ಸನ್ ಅಂತಾರ ಅದಕ್ಕ. ಕಣ್ಣಿನ ಡಾಕ್ಟರ್ ಕಣ್ಣಪಾಪೆ ಹಿಗ್ಗಿಸಿ ನೋಡಿದ್ರ ಗೊತ್ತಾಗತೈತಿ. ತಿಂಗಳಗಟ್ಲೆ ಕಾದ್ರ ತಾನ ಕರಗೂದೂ ಉಂಟು, ಇಲ್ಲಂದ್ರ ಆಪರೇಶನ್ ಐತಿ. ಇದನ್ನ ಭಾಳ ಮಂದಿ ಹೇಳೂದ ಇಲ್ಲ, ಪೇಶಂಟ್ ಹಾದಿ ತಪ್ಪಿದಂಗ ನಡದ್ರ ಮೆದುಳಿಂದ ಅಂದ್ಕೊಂಡ್ ಬಿಡ್ತಾರ.

ರೊಕ್ಕದ್ದು, ಬಿಪಿಎಲ್ ಕಾರ್ಡ್ ಐತೇನು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕಾ ಐತಿ, ಎಪಿಎಲ್‌ಗೆ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕ ಒಂದೂವರೆ ಲಕ್ಷದ ತನಕಾ. ದವಾಖಾನಿ ಈ ಸ್ಕೀಮಿನ್ಯಾಗ ಇದ್ರ ಕೆಳಗ ಆರೋಗ್ಯಮಿತ್ರ ಅಂತ ಒಬ್ರು ಕುಂತಿರತಾರ, ರೇಶನ್ ಕಾರ್ಡು ಆಧಾರ್ ತಗೊಂಡ್ ಹೋಗಿ ಈಗ್ಲೇ ಮಾತಾಡ್ರಿ. ಡಿಸ್ಚಾರ್ಜ್ ಆದ ಮ್ಯಾಲ ಹೋದ್ರ ಏನೂ ಗಿಟ್ಟಂಗಿಲ್ಲ. ಮಗ್ಗ ಮಾರೂದು ಅದಾದ ಮ್ಯಾಲ ನೋಡ್ರಿ.

ವಿಜಾಪುರ ಮಾಸ್ತರ

ತಮ್ಮಾ, ಹದಿನಾರನೇ ದಿನ ಅಂತ ಓದಿ ನಮ್ಮಾಕಿಗೂ ತೋರಿಸಿದೆ. "ಪೇಢೆ ಹಂಚಬ್ಯಾಡ ಅಂತ ಬರೀರಿ ಆ ಹುಡುಗಗ" ಅಂದ್ಲು.

ಮಗ್ಗದಮನಿ ಹುಡುಗ (ಬನಹಟ್ಟಿ)

ಮೂರ್ ತಿಂಗಳಾತ್ರಿ, ಭಾಳ ಮಂದಿ ಮೆಸೇಜ್ ಮಾಡಿ ಕೇಳಾಕತ್ತೀರಿ ಅದಕ್ಕ ಬರೀತೀನಿ.

31ನೇ ದಿನಕ್ಕ ಡಿಸ್ಚಾರ್ಜ್ ಆತು. ಮಾಸ್ತರ್ರ ಮಾತ ಕೇಳಿ ಸೀದಾ ಮನಿಗ ಒಯ್ಯಲಿಲ್ಲ, ಗೋಕಾಕದಾಗ ಸಣ್ಣವ್ವನ ಮನ್ಯಾಗ ಎರಡ್ ತಿಂಗಳ ಇಟ್ಟಿದ್ವಿ. ಕಣ್ಣಾಗ ರಕ್ತ ಇದ್ದದ್ದ ಖರೇ, ಈಗ ಮುಕ್ಕಾಲ ತಿಳಿ ಆಗೈತಿ. ಬಲಗೈ ಬಂದೈತಿ, ಆದ್ರ ಹಿಡತ ಕಡಿಮಿ, ಚಾದ ಕಪ್ಪ ಎರಡೂ ಕೈಲೆ ಹಿಡೀತಾಳ. ಫಿಸಿಯೋದವರು ಹಿಟ್ಟ ನಾದಸ್ರಿ ಅಂದಾರ, ದಿನಾ ಒಂದ್ ಮುದ್ದಿ ನಾದತಾಳ, ಅದರ ಚಪಾತಿ ನಾನ ತಿನ್ನಬೇಕು, ಏನೇನ್ ಆಕಾರ ಇರತಾವೋ. ಹೋದ ತಿಂಗಳದ್ದು ಎಲ್ಲಾ ಮರೀತಾಳ, ನನ್ನ ಸಾಲಿ ಮಾಸ್ತರ ಹೆಸರ ನೆನಪೈತಿ. ಮುಂಚೆ ಒಂದ್ ಮಾತ ಆಡದಾಕಿ ಈಗ ಎದುರಿಗೆನ ಬೈತಾಳ, ಬೀಗರಿಗೂ ಬೈದ್ಲು, ಇಳಕಲ್ ಅಕ್ಕಾರ ಹೇಳಿದ್ದಕ್ಕ ನಾವು ತಡಕೊಂಡ್ವಿ, ಇಲ್ಲಂದ್ರ ದೊಡ್ಡ ರಾದ್ಧಾಂತ ಆಗ್ತಿತ್ತು. ಸ್ಕೀಮಿನ್ಯಾಗ ಒಂದಿಷ್ಟ ಬಂತು, ಆದ್ರೂ ಒಂದ್ ಮಗ್ಗ ಹೋತು.

ಹೋದ ವಾರ ಮನಿಗ ತಂದೀವಿ. ಮಗ್ಗ ಚಾಲೂ ಇದ್ರ ಹಿತ್ತಲದಾಗ ಬೇವಿನ ಗಿಡದ ಕೆಳಗ ಹೋಗಿ ಕುಂಡ್ರತಾಳ. ನಿನ್ನಿ ಕರೆಂಟ್ ಹೋದಾಗ ತಾನ ಎದ್ದ ಒಳಗ ಬಂದು, ಏನೂ ಆಗಿದ್ದಿಲ್ಲೇನೋ ಅನ್ನಂಗ ಮಗ್ಗ ಎಣಿಸಿದ್ಲು, "ಮೂರ ಅದಾವಲ್ಲೋ, ಇನ್ನೊಂದು ಎಲ್ಲಿ" ಅಂದ್ಲು. ಅಪ್ಪ ರಿಪೇರಿಗೆ ಹೋಗೈತಿ ಅಂದ.

ಆರ್ ತಿಂಗಳಿಗೆ ಮತ್ತ ಆಂಜಿಯೋ (ರಕ್ತನಾಳದ ಫೋಟೋ ತಗಿಯೂದು) ಮಾಡಬೇಕಂತ ಬರದಾರ, ಎಲ್ಲಾ ಆರಾಮ ಇದ್ರೂ ಮಾಡಸಬೇಕೇನ್ರಿ ಸಿಸ್ಟರ್?

ನೈಟ್‌ಡ್ಯೂಟಿ ಸಿಸ್ಟರ್ (ಬೆಳಗಾವಿ)

ಮಾಡಸಬೇಕ್ರಿ, ತಪ್ಪಸಬ್ಯಾಡ್ರಿ. ಕಾಯಿಲ್ ಕೆಲವರಿಗೆ ಒಳಗ ಅದಮಿ ಗುಳ್ಳಿ ಬಾಯಿ ಮತ್ತ ಸ್ವಲ್ಪ ತಗೀತೈತಿ, ಅದು ಹೊರಗ ಗೊತ್ತಾಗಂಗಿಲ್ಲ, ಆಂಜಿಯೋದಾಗಷ್ಟ ಕಾಣತೈತಿ. ಡಿಸ್ಚಾರ್ಜ್ ಫೈಲಿನ್ಯಾಗ ಕಾಯಿಲ್ ಸ್ಟಿಕ್ಕರ್ ಹಚ್ಚಿದ ಹಾಳಿ ಇರತೈತಿ, ಅದರ ಫೋಟೋ ತಗದ್ ಮೊಬೈಲ್‌ನಾಗ ಇಟ್ಕೋರಿ, ಎಲ್ಲೇ ಎಂಆರ್‌ಐ ಮಾಡಸಿದ್ರೂ ಮೊದ್ಲ ಅದನ್ನ ತೋರಸ್ರಿ. ಬಿಪಿ ಗುಳಿಗಿ ಯಾರ ಕೈಯಾಗ ಐತಿ ಈಗ? ಅವ್ವನ ಕೈಯಾಗ ಇದ್ರ ಇಸ್ಕೊಂಡು ನೀವ ಕೊಡ್ರಿ.